ಮೂರು ಕಿಲೋ ಉಲ್ಲನ್, ಇನ್ನೂರು ಗಂಟೆ

ಜನವರಿ 2

ಮಂಚದ ಕೆಳಗಿನ ಟ್ರಂಕು ಎಳೆದೆ. ಮುಚ್ಚಳ ತೆಗೆದ ಕೂಡಲೇ ಡಾಂಬರ್ ಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಮುಚ್ಚಳದ ಒಳಗೆ ಹೋದ ವರ್ಷ ನಾನೇ ಅಂಟಿಸಿದ ಪಟ್ಟಿ ಇನ್ನೂ ಇದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಹನ್ನೆರಡು ಐಟಂ, ತಿಂಗಳಿಗೊಂದು. ಮುಗಿದದ್ದು ಮೂರು: ಒಂದು ಕುಲಾವಿ, ಒಂದು ಮೊಬೈಲ್ ಚೀಲ, ದೇವರ ಮನೆ ಬಾಗಿಲಿಗೆ ಒಂದು ಕ್ರೋಶಾ (ಒಂದೇ ಕೊಕ್ಕೆಯಲ್ಲಿ ಹೆಣೆಯೋದು) ತೋರಣ. ಉಳಿದ ಒಂಬತ್ತರಲ್ಲಿ ನಾಲ್ಕು ಅರ್ಧಕ್ಕೆ ನಿಂತು ಇದೇ ಟ್ರಂಕಿನಲ್ಲಿ ಮಲಗಿವೆ.

ಪಟ್ಟಿ ನೋಡುತ್ತಾ ಕೂತಾಗ ಒಂದು ವಿಷಯ ತಲೆಗೆ ಹೊಳೆಯಿತು. ಅದರಲ್ಲಿ ಕುಲಾವಿಯೂ ಒಂದೇ ಸಾಲು, ಗಂಡಸರ ಫುಲ್ ತೋಳಿನ ಸ್ವೆಟರೂ ಒಂದೇ ಸಾಲು. ಕುಲಾವಿ ಎರಡು ಸಂಜೆಯ ಕೆಲಸ. ಸ್ವೆಟರಿಗೆ ಎಷ್ಟು ಸಂಜೆ ಅಂತ ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಮದುವೆ ಅಡುಗೆಗೆ ಅಕ್ಕಿ ಅಳೆಯದೆ ಒಲೆ ಹೊತ್ತಿಸಿದ ಹಾಗೆ ಆಗಿತ್ತು.

ಅದಕ್ಕೇ ಈ ಸಲ ಏನು ಹೆಣೆಯಬೇಕು ಅಂತ ಬರೆಯುವ ಮೊದಲು ಏನಿದೆ ಅಂತ ತೂಗಿದೆ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ತಂದಿಟ್ಟೆ. "ಬೆಲ್ಲ ತೂಗೋ ತಕ್ಕಡಿ ಕಣವ್ವಾ ಅದು" ಅಂತ ಅತ್ತೆ ಗೊಣಗಿದರು. ಮೇಲೆ ಒಂದು ಪೇಪರ್ ಹಾಸಿದೆ, ಸುಮ್ಮನಾದರು.

ಅಕ್ರಿಲಿಕ್ 1,480 ಗ್ರಾಂ. ನಮ್ಮಲ್ಲಿ ಇದಕ್ಕೂ ಉಲ್ಲನ್ ಅಂತಲೇ ಹೆಸರು, ಕುರಿಯ ಮುಖವನ್ನೇ ಕಂಡಿರದಿದ್ದರೂ. ನಿಜವಾದ ಉಣ್ಣೆ ದಾರ 310 ಗ್ರಾಂ. ಹತ್ತಿ ದಾರ 620. ಅರ್ಧಕ್ಕೆ ನಿಂತ ನಾಲ್ಕು ತುಂಡು ಸೇರಿ 540. ಒಟ್ಟು 2,950 ಗ್ರಾಂ. ಮೂರು ಕಿಲೋಗೆ ಐವತ್ತು ಗ್ರಾಂ ಕಮ್ಮಿ.

ಯಾವುದು ಉಣ್ಣೆ, ಯಾವುದು ಅಕ್ರಿಲಿಕ್ ಅಂತ ಗೊತ್ತಾಗದ ಲೇಬಲ್ ಇಲ್ಲದ ಉಂಡೆಗಳಿಗೆ ಬೆಂಕಿ ಪರೀಕ್ಷೆ. ಒಂದು ಬೆರಳುದ್ದ ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ತೋರಿಸುವುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ದೂರ ಮಾಡಿದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಮಗಳಿಗೆ ಇದೇ ಬಹಳ ಇಷ್ಟವಾಯಿತು, ಬೇಡ ಬೇಡ ಅಂದರೂ ಇನ್ನೂ ಮೂರು ಉಂಡೆ ತಂದು ಕೊಟ್ಟಳು.

ಜನವರಿ 18

ಎರಡು ವಾರ ಒಂದು ಸಣ್ಣ ಡೈರಿಯಲ್ಲಿ ಬರೀ ನಿಮಿಷ ಬರೆದೆ. ಎಷ್ಟು ಹೆಣೆದೆ ಅಂತಲ್ಲ, ಎಷ್ಟು ಹೊತ್ತು ಕೈಯಲ್ಲಿ ಕಡ್ಡಿ ಇತ್ತು ಅಂತ. ನನ್ನ ಕೆಲಸ ಹರಿಹರದಲ್ಲಿ. ದಾವಣಗೆರೆಯಿಂದ ಬಸ್ಸಿನಲ್ಲಿ ಹೆಚ್ಚೂ ಕಮ್ಮಿ ಅರ್ಧ ಗಂಟೆ. ಸೀಟು ಸಿಕ್ಕರೆ ಹೆಣಿಗೆ, ಸಿಗದಿದ್ದರೆ ಕಂಬಿ. ರಾತ್ರಿ ಧಾರಾವಾಹಿ ಹೊತ್ತಿನಲ್ಲಿ ಇನ್ನೊಂದಿಷ್ಟು. ಹದಿನಾಲ್ಕು ದಿನಕ್ಕೆ ಸೇರಿದ್ದು 9 ಗಂಟೆ 40 ನಿಮಿಷ. ದಿನಕ್ಕೆ ಸರಾಸರಿ 41 ನಿಮಿಷ.

ವರ್ಷಕ್ಕೆ ಗುಣಿಸಿದರೆ ಸುಮಾರು 249 ಗಂಟೆ. ಆದರೆ ವರ್ಷವೆಲ್ಲಾ ಜನವರಿ ಅಲ್ಲವಲ್ಲ. ಯುಗಾದಿ, ಮದುವೆ ಸೀಸನ್ನು, ಮಗಳ ಪರೀಕ್ಷೆ, ಮಾರ್ಚ್ ಕೊನೆಯ ಆಫೀಸ್ ಗಲಾಟೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಬೇರೆ ಈ ಸಲ ಇದೆ, ಆ ವಾರ ಮನೆ ತುಂಬಾ ನೆಂಟರು. 200 ಗಂಟೆ ಅಂತ ಇಟ್ಟುಕೊಂಡೆ.

ಆಮೇಲೆ ಕೈಯ ವೇಗ. ಫೋನಿನಲ್ಲಿ ಹತ್ತು ನಿಮಿಷದ ಅಲಾರಾಂ ಇಟ್ಟು ಬರೀ ಸೀದಾ ಹೆಣೆದೆ. 238 ಕುಣಿಕೆ, ಅಂದರೆ ನಿಮಿಷಕ್ಕೆ 24. ಎರಡು ಸೀದಾ ಎರಡು ಉಲ್ಟಾ ಹೆಣೆಯುವ ಅಂಚಿನ ಪಟ್ಟಿಯಾದರೆ 18ಕ್ಕೆ ಇಳಿಯುತ್ತದೆ, ಪ್ರತಿ ಸಲ ದಾರ ಹಿಂದೆ ಮುಂದೆ ತರಬೇಕಲ್ಲ. ಕ್ರೋಶಾದಲ್ಲಿ 12 ಸೆಂಟಿಮೀಟರಿನ ಒಂದು ಚೌಕಕ್ಕೆ 22 ನಿಮಿಷ.

ಈಗ ಸ್ವೆಟರಿನ ಲೆಕ್ಕ ಹಾಕಬಹುದು. ನಮ್ಮ ಮನೆಯವರ ಎದೆ ಅಳತೆಗೆ ಸ್ವಲ್ಪ ಸಡಿಲ ಸೇರಿಸಿದರೆ 107 ಸೆಂ.ಮೀ. ಸಾಧಾರಣ ದಪ್ಪದ ದಾರಕ್ಕೆ 4 ಮಿಲಿಮೀಟರ್ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ, 30 ಸಾಲು. ಮೈ ಸುತ್ತ 235 ಕುಣಿಕೆ, ಉದ್ದ 62 ಸೆಂ.ಮೀ. ಅಂದರೆ 186 ಸಾಲು. ಮೈಗೇ ಸುಮಾರು 43,700 ಕುಣಿಕೆ. ತೋಳು ಎರಡೂ ಸೇರಿ ಇನ್ನೊಂದು 17,000 ಚಿಲ್ಲರೆ. ಕಂಕುಳು, ಕತ್ತಿನ ಹತ್ತಿರ ಕಳೆಯುವುದು ಕಳೆದು 60,000 ಅಂದುಕೊಳ್ಳಿ. ನಿಮಿಷಕ್ಕೆ 24ರಂತೆ 42 ಗಂಟೆ. ಜೋಡಿಸೋದು, ಕತ್ತಿನ ಪಟ್ಟಿ ಅಂತ ಇನ್ನಾರು. 48.

ಹೋದ ವರ್ಷ ಇದನ್ನು ನಾನು ಡಿಸೆಂಬರ್ ತಿಂಗಳ ಪಾಲಿಗೆ ಬರೆದಿದ್ದೆ. ದಿನಕ್ಕೆ 41 ನಿಮಿಷದ ನನ್ನ ಕೈಗೆ ಅದು ಎಪ್ಪತ್ತು ದಿನದ ಕೆಲಸ!

ಈ ವರ್ಷದ ಗುರಿ ಹೀಗೆ ನಿಂತಿತು. ಅಪ್ಪನ ಹಳೇ ಸ್ವೆಟರ್ ರಿಪೇರಿ 10 ಗಂಟೆ. ತಮ್ಮನ ಮಗುವಿಗೆ ಚೌಕಗಳ ಹಾಸು 40. ಅಮ್ಮನಿಗೆ ಕಾಲುಚೀಲ 18, ಹಿಮ್ಮಡಿ ತಿರುಗಿಸೋದು ನನಗೆ ಬರುವುದಿಲ್ಲ, ಕಲಿಯಬೇಕು. ಚಳ್ಳಕೆರೆ ಕಡೆಯ ಕೈನೂಲಿನ ಉಣ್ಣೆಯಲ್ಲಿ ಏನಾದರೂ ಒಂದು, 15. ಸ್ವೆಟರ್ 48. ಒಟ್ಟು 131. ಉಳಿದ 69 ಗಂಟೆಗೆ ಏನೂ ಬರೆಯಲಿಲ್ಲ. ಬಿಚ್ಚೋದಕ್ಕೂ ಗಂಟೆ ಬೇಕು ಅನ್ನೋದು ಇಷ್ಟು ವರ್ಷದಲ್ಲಿ ಕಲಿತ ಪಾಠ.

ಜನವರಿ 26

ಅಪ್ಪನ ಸ್ವೆಟರ್. ಕಂದು ಬಣ್ಣ, ಅಮ್ಮ ಹೆಣೆದದ್ದು, ನಾನು ಸ್ಕೂಲಿಗೆ ಹೋಗುವಾಗಿನದು. ಎರಡೂ ಮುಂಗೈ ಪಟ್ಟಿ ಹರಿದು ಜೂಲಾಗಿದೆ. ಬಲ ಮೊಣಕೈಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು. ಬೆಂಕಿ ಪರೀಕ್ಷೆಯಲ್ಲಿ ಕೂದಲು ಸುಟ್ಟ ವಾಸನೆ, ಹಾಗಾಗಿ ಅಪ್ಪಟ ಉಣ್ಣೆ. ಅದಕ್ಕೇ ನುಸಿಗೂ ರುಚಿಸಿದೆ. ಅಕ್ರಿಲಿಕ್ ಆಗಿದ್ದರೆ ಅದರ ಹತ್ತಿರ ನುಸಿ ಸುಳಿಯುತ್ತಿರಲಿಲ್ಲ.

"ಅಯ್ಯೋ, ಅದನ್ನ ಒರೆಸೋ ಬಟ್ಟೆ ಮಾಡ್ಕೊಳ್ಳೇ" ಅಂತ ಅಮ್ಮ ಫೋನಿನಲ್ಲಿ ಅಂದಳು. ಆದರೂ ಈ ಭಾನುವಾರ ಚಿತ್ರದುರ್ಗಕ್ಕೆ ಹೋದಾಗ ಅದೇ ದಾರದ ಉಳಿದ ಉಂಡೆಯನ್ನು ಅಟ್ಟದಿಂದ ತೆಗೆಸಿ ಇಟ್ಟಿದ್ದಳು. ಬಿಸಿಲಿಗೆ ಹಿಡಿದು ನೋಡಿದರೆ ಉಂಡೆಯ ಬಣ್ಣ ಗಾಢ, ಸ್ವೆಟರ್ ಮಾಸಿದೆ. ಮೊಣಕೈಗೆ ಇದನ್ನು ಹಾಕಿದರೆ ಮಚ್ಚೆಯ ಹಾಗೆ ಕಾಣುತ್ತದೆ.

ಹೀಗೆ ಮಾಡಿದೆ. ಮುಂಗೈ ಪಟ್ಟಿ ಹೇಗೂ ಬಿಚ್ಚಬೇಕು. ಅದರಿಂದ ಬಂದ ಮಾಸಿದ ದಾರವೇ ಮೊಣಕೈಗೆ. ಹೊಸ ಗಾಢ ದಾರ ಎರಡೂ ಪಟ್ಟಿಗೆ. ಎರಡೂ ಕೈಗೆ ಒಂದೇ ಥರ ಇದ್ದರೆ ಬೇಕಂತಲೇ ಮಾಡಿದ ಡಿಸೈನು ಅನ್ನಿಸುತ್ತದೆ.

ಫೆಬ್ರವರಿ 1

ಪಟ್ಟಿ ಬಿಚ್ಚೋದು ಅಂದರೆ ತುದಿ ಹಿಡಿದು ಎಳೆಯೋದಲ್ಲ. ಈ ತೋಳನ್ನು ಮುಂಗೈಯಿಂದ ಹೆಗಲ ಕಡೆಗೆ ಹೆಣೆದಿದ್ದಾರೆ. ಹೆಣಿಗೆ ಮುಗಿದ ಕಡೆಯಿಂದ ಸರಸರ ಬಿಚ್ಚುತ್ತದೆ, ಶುರು ಮಾಡಿದ ಕಡೆಯಿಂದ ಹಾಗೆ ಬಿಚ್ಚುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಪಟ್ಟಿಗಿಂತ ಒಂದು ಸಾಲು ಮೇಲೆ ಒಂದೇ ಒಂದು ಎಳೆ ಕತ್ತರಿಸಿ, ಆ ಸಾಲಿನ ದಾರವನ್ನು ಸೂಜಿಯ ತುದಿಯಲ್ಲಿ ಕುಣಿಕೆ ಕುಣಿಕೆಯಾಗಿ ಹೊರಗೆಳೆಯಬೇಕು. ಪಟ್ಟಿ ಬೇರೆಯಾಗಿ ಉದುರುತ್ತದೆ. ಮೇಲೆ ಬಾಯಿ ಬಿಟ್ಟ ಕುಣಿಕೆಗಳನ್ನು ತೆಳ್ಳಗಿನ ಕಡ್ಡಿಗೆ ಏರಿಸಿಕೊಳ್ಳೋದು.

ನಾನು ರಾತ್ರಿ ಹತ್ತೂವರೆಗೆ, ಕಂದು ದಾರದ ಮೇಲೆ, ಟ್ಯೂಬ್‌ಲೈಟಿನಲ್ಲಿ ಈ ಕೆಲಸಕ್ಕೆ ಕೈ ಹಾಕಿದೆ. ಒಂದರ ಬದಲು ಎರಡು ಎಳೆ ಕತ್ತರಿಸಿತು. ಒಂದು ಕುಣಿಕೆ ಜಾರಿ ಆರು ಸಾಲು ಮೇಲಕ್ಕೆ ಓಡಿತು, ಏಣಿಯ ಹಾಗೆ. ಕ್ರೋಶಾ ಕೊಕ್ಕೆ ಇದ್ದದ್ದಕ್ಕೆ ಬಚಾವಾದೆ. ಏಣಿಯ ಒಂದೊಂದು ಮೆಟ್ಟಿಲನ್ನೂ ಕೊಕ್ಕೆಯಿಂದ ಎಳೆದು ಕುಣಿಕೆ ಮಾಡುತ್ತಾ ಬರೋದು. ಆರು ಸಾಲಿಗೆ ಕಾಲು ಗಂಟೆ, ಎದೆಬಡಿತ ಬಿಟ್ಟಿ. ಎರಡನೇ ತೋಳನ್ನು ಮಾರನೇ ದಿನ ವರಾಂಡದ ಬಿಸಿಲಿನಲ್ಲಿ ಮಾಡಿದೆ. ಮೊದಲು ತೆಳ್ಳಗಿನ ಬಿಳಿ ಹೊಲಿಗೆ ದಾರವನ್ನು ಆ ಸಾಲಿನ ಎಲ್ಲಾ ಕುಣಿಕೆಯಲ್ಲೂ ಪೋಣಿಸಿಟ್ಟು ಆಮೇಲೆ ಕತ್ತರಿಸಿದೆ. ಯಾವುದೂ ಓಡಲಿಲ್ಲ.

ಎಣಿಸಿದರೆ 51 ಕುಣಿಕೆ. ಅಮ್ಮ ಹಾಕಿದ್ದು 52 ಅಂತ ಬಿಚ್ಚಿದ ಪಟ್ಟಿಯೇ ಹೇಳುತ್ತಿತ್ತು. ಎಲ್ಲಿ ಹೋಯಿತು ಅಂತ ಮೂರು ಸಲ ಎಣಿಸಿದೆ. ಆಮೇಲೆ ಅರ್ಥವಾಯಿತು. ತಲೆಕೆಳಗಾಗಿ ಎತ್ತಿಕೊಂಡಾಗ ಸಿಗೋದು ಕುಣಿಕೆಯಲ್ಲ, ಎರಡು ಕುಣಿಕೆಯ ನಡುವಿನ ಜಾಗ. ಐದು ಬೆರಳಿಗೆ ನಾಲ್ಕೇ ಸಂದು ಇರುವ ಹಾಗೆ. ಹೊಲಿಗೆಯ ಹತ್ತಿರ ಒಂದು ಹೆಚ್ಚು ಮಾಡಿ 52 ಮಾಡಿಕೊಂಡೆ. ಎರಡು ಸೀದಾ ಎರಡು ಉಲ್ಟಾಗೆ ನಾಲ್ಕರಿಂದ ಭಾಗವಾಗಬೇಕಲ್ಲ. ಇದರಿಂದ ಸಾಲುಗಳು ಅರ್ಧ ಕುಣಿಕೆ ಪಕ್ಕಕ್ಕೆ ಸರಿಯುತ್ತವೆ. ಪಟ್ಟಿ ಶುರುವಾಗುವ ಕಡೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಡ್ಡಿ ನಂಬರಿನ ಬಗ್ಗೆ ಒಂದು ಮಾತು. ನಮ್ಮ ಹಳೇ ಕಡ್ಡಿಗಳ ಮೇಲಿನದು ಇಂಗ್ಲೆಂಡಿನ ನಂಬರು, ಹೆಚ್ಚಾದಷ್ಟೂ ತೆಳ್ಳಗೆ. 8 ನಂಬರ್ ಅಂದರೆ 4 ಮಿ.ಮೀ., 10 ಅಂದರೆ 3.25. ವಿಡಿಯೋ ನೋಡಿ ಕಲಿಯುವವರು ಅಮೆರಿಕದ 8 ಅಂದುಕೊಂಡರೆ ಅದು 5 ಮಿ.ಮೀ. ದಪ್ಪಗಿನದು. ಮಿಲಿಮೀಟರ್ ಒಂದನ್ನೇ ನಂಬಿ.

ಫೆಬ್ರವರಿ 15

ಬಿಚ್ಚಿದ ದಾರ ನೂಡಲ್ಸ್ ಥರ ಸುರುಳಿ ಸುರುಳಿ. ಹಾಗೇ ಹೆಣೆದರೆ ಕುಣಿಕೆಗಳು ಒಂದೊಂದು ಒಂದೊಂದು ಸೈಜು ಬರುತ್ತವೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ಲಡಿಯ ತಳಕ್ಕೆ ಒಂದು ಬೀಗ ಕಟ್ಟಿ ತೂಗುಹಾಕಿದೆ. ಸಂಜೆಗೆ ನೆಟ್ಟಗಾಯಿತು.

ಮೊಣಕೈ: ಕತ್ತರಿ ಹಾಕದೆ, ತೂತಿನ ಸುತ್ತ ಗಟ್ಟಿ ಇರುವ ಸಾಲು ಹುಡುಕಿದೆ. ತೂತಿಗಿಂತ ಎರಡು ಸಾಲು ಕೆಳಗೆ 14 ಕುಣಿಕೆ ಎತ್ತಿಕೊಂಡು ಒಂದು ಸಣ್ಣ ಚೌಕ ಹೆಣೆಯುತ್ತಾ, ಪ್ರತಿ ಸಾಲಿನ ಕೊನೆಯಲ್ಲಿ ಸ್ವೆಟರಿನ ಒಂದು ಕುಣಿಕೆಯನ್ನು ಸೇರಿಸಿಕೊಂಡು ಹೋದೆ. ಮೇಲ್ಗಡೆ ಸೂಜಿಯಲ್ಲಿ ಕುಣಿಕೆಗೆ ಕುಣಿಕೆ ಕೂಡಿಸಿದೆ. ತೇಪೆ ಕಾಣುತ್ತದೆಯೇ? ಕಾಣುತ್ತದೆ, ಹುಡುಕಿದರೆ. ಅಪ್ಪ ಹುಡುಕಲಿಲ್ಲ. ಹಾಕಿಕೊಂಡು, ಬೆಳಿಗ್ಗೆ ಕೋಟೆ ಕಡೆ ವಾಕಿಂಗ್ ಹೊರಟೇಬಿಟ್ಟ.

10 ಗಂಟೆ ಅಂದಿದ್ದೆ, 14 ಆಯಿತು.

ಮಾರ್ಚ್ 9

ಬಸ್ಸಿಗೆ ಕ್ರೋಶಾವೇ ಸರಿ. ಹೆಣಿಗೆಯಲ್ಲಿ ಕಡ್ಡಿಯ ಮೇಲೆ ನೂರಾರು ಕುಣಿಕೆ ಜೀವ ಹಿಡಿದು ಕೂತಿರುತ್ತವೆ, ಒಂದು ಬ್ರೇಕ್ ಹಾಕಿದರೆ ಮುಗಿಯಿತು. ಕ್ರೋಶಾದಲ್ಲಿ ಒಂದೇ ಕುಣಿಕೆ. ಹರಿಹರ ಸ್ಟ್ಯಾಂಡ್ ಬಂತು ಅಂದರೆ ಅದನ್ನು ಉದ್ದಕ್ಕೆ ಎಳೆದು ಬ್ಯಾಗಿಗೆ ತುರುಕಿದರಾಯಿತು.

ಹೋಗುವಾಗ ಒಂದು ಚೌಕ, ಬರುವಾಗ ಒಂದು. 63 ಚೌಕ, ಏಳು ಅಡ್ಡ, ಒಂಬತ್ತು ಉದ್ದ. 84ಕ್ಕೆ 108 ಸೆಂ.ಮೀ. ಮಗು ಮೇ ತಿಂಗಳಲ್ಲಿ ಹುಟ್ಟೋದು, ಚಿತ್ರದುರ್ಗದ ಬಂಡೆಗಳು ಕಾದಿರುವ ಹೊತ್ತು. ಅದಕ್ಕೇ ಹತ್ತಿ ದಾರ. ಮಗುವಿಗೆ ಹೊದಿಸೋದಕ್ಕಲ್ಲ, ಕೆಳಗೆ ಹಾಸೋದಕ್ಕೆ. ತೂತಿರುವ ಚೌಕದಲ್ಲಿ ಎಳೇ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಅಮ್ಮ ಮೊದಲೇ ಎಚ್ಚರಿಸಿದ್ದಳು. ಹಾಗಾಗಿ ತೂತು ಕಮ್ಮಿ ಇರುವ ತುಂಬು ಚೌಕವನ್ನೇ ಆರಿಸಿದೆ.

ಹತ್ತಿ 150 ಗ್ರಾಂ ಕಮ್ಮಿ ಬಿತ್ತು. ಮಂಡಿಪೇಟೆ, ಚೌಕಿಪೇಟೆ ಎಲ್ಲಾ ಅಲೆದೆ. ಹತ್ತಿ ಗಿರಣಿಗಳಿಂದಲೇ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ಇಲ್ಲಿ ಕ್ರೋಶಾಗೆ ಒಂದು ಉಂಡೆ ಹತ್ತಿ ದಾರ ಬೇಕು ಅಂದರೆ ಅಂಗಡಿಯವರು ದೀಪದ ಬತ್ತಿ ತೋರಿಸುತ್ತಾರೆ. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು, ಬಳೆ ಡಬ್ಬಗಳ ಹಿಂದೆ.

ಬಸ್ಸಿನಲ್ಲಿ ಪಕ್ಕದ ಅಜ್ಜಿ ಒಂದು ಚೌಕ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೌದಿ ಏನವ್ವಾ ಇದು?" ಅಂದರು. ಹೌದಜ್ಜಿ ಅಂದೆ. ಬೇರೆ ಉತ್ತರ ಇರಲಿಲ್ಲ. ಚೂರು ಚೂರು ಸೇರಿಸಿ ಮಗುವಿಗೆ ಹಾಸೋದು, ಸೀರೆ ಬದಲು ದಾರ ಅಷ್ಟೇ.

ಮಾರ್ಚ್ 30

ಎರಡು ಅನಾಹುತ.

ಮೊದಲನೆಯದು ಸಣ್ಣದು. ಯುಗಾದಿ ರಜೆಯಲ್ಲಿ ನಾದಿನಿ ಸಹಾಯಕ್ಕೆ ಬಂದಳು. ಎಂಟು ಚೌಕ ಹೆಣೆದು ಕೊಟ್ಟಳು. ನನ್ನವು 12 ಸೆಂ.ಮೀ., ಅವಳವು 9. ಅದೇ ಕೊಕ್ಕೆ, ಅದೇ ದಾರ. ನಾನು ಫೋನಿನಲ್ಲಿ ಬರೆದು ಕಳಿಸಿದ್ದು ಡಬಲ್ ಕ್ರೋಶೆ ಅಂತ, ಅಮೆರಿಕದ ಲೆಕ್ಕದಲ್ಲಿ. ಅದರಲ್ಲಿ ಕೊಕ್ಕೆಗೆ ಒಂದು ಸಲ ದಾರ ಸುತ್ತಿ ಆಮೇಲೆ ಚುಚ್ಚುತ್ತಾರೆ, ಕಂಬ ಎತ್ತರ ಬರುತ್ತದೆ. ಅವಳು ಕಲಿತದ್ದು ಅವರ ಅಮ್ಮನ ಹಳೇ ಇಂಗ್ಲೆಂಡಿನ ಪುಸ್ತಕದಿಂದ. ಅಲ್ಲಿ ಡಬಲ್ ಅಂದರೆ ದಾರ ಸುತ್ತದೇ ಹಾಕುವ ಗಿಡ್ಡ ಕಂಬ. ಅಮೆರಿಕದವರ ಡಬಲ್ಲಿಗೆ ಇಂಗ್ಲೆಂಡಿನವರು ಟ್ರೆಬಲ್ ಅನ್ನುತ್ತಾರೆ. ಇಬ್ಬರೂ ಸರಿ, ಚೌಕ ಮಾತ್ರ ತಪ್ಪು. ಎಂಟನ್ನೂ ಬಿಚ್ಚಿದೆವು, ಮಂಡಕ್ಕಿ ಮಿರ್ಚಿ ತಿನ್ನುತ್ತಾ. ಎಣ್ಣೆ ಕೈಯಲ್ಲಿ ಬಿಳಿ ಹತ್ತಿ ಮುಟ್ಟಬಾರದು ಅಂತಲೂ ಅವತ್ತೇ ಗೊತ್ತಾಯಿತು.

ಎರಡನೆಯದು ದೊಡ್ಡದು, ಅದು ನನ್ನದೇ ತಲೆ. ಪ್ರತಿ ಚೌಕದಲ್ಲಿ ಮೂರು ಬಣ್ಣ. ಪ್ರತಿ ಬಣ್ಣಕ್ಕೂ ಶುರುವಿನ ಒಂದು ಬಾಲ, ಕೊನೆಯ ಒಂದು ಬಾಲ, ಅಂದರೆ ನೇತಾಡುವ ದಾರದ ತುದಿ. ಆರು. 63 ಚೌಕಕ್ಕೆ 378 ಬಾಲ. ಕುಣಿಕೆ ಎಣಿಸಿ, ನಿಮಿಷ ಎಣಿಸಿ, ಗ್ರಾಂ ತೂಗಿ ಬಜೆಟ್ ಮಾಡಿದ ನಾನು ಇದನ್ನು ಎಣಿಸಿರಲಿಲ್ಲ. ಒಂದು ಬಾಲವನ್ನು ಸೂಜಿಗೆ ಪೋಣಿಸಿ, ಮುಂದಕ್ಕೆ ಒಂದಷ್ಟು, ಹಿಂದಕ್ಕೆ ಒಂದಷ್ಟು ನುಗ್ಗಿಸಿ ಕತ್ತರಿಸೋದಕ್ಕೆ ಒಂದು ನಿಮಿಷ ಅಂದರೂ ಆರು ಗಂಟೆಗೂ ಜಾಸ್ತಿ. ಒಗೆದ ಮೇಲೆ ಬಿಚ್ಚಿಕೊಳ್ಳಬಾರದು ಅಂದರೆ ಬಾಲ ನಾಲ್ಕು ಇಂಚಾದರೂ ಇರಬೇಕು, ಒಂದೇ ದಿಕ್ಕಿಗೆ ಎಳೆದರೆ ಸಾಲದು. ಹತ್ತಿ ಬೇರೆ, ಉಣ್ಣೆಯ ಹಾಗೆ ಒಂದಕ್ಕೊಂದು ಹಿಡಿದುಕೊಳ್ಳೋದಿಲ್ಲ, ಜಾರುತ್ತದೆ.

ಆಗ 29 ಚೌಕ ಮುಗಿದಿದ್ದವು. 174 ಬಾಲ ಗಾಳಿಗೆ ಅಲ್ಲಾಡುತ್ತಿದ್ದವು. 30ನೇ ಚೌಕದಿಂದ ಮುಂದೆ, ಹಳೇ ಬಣ್ಣದ ಬಾಲವನ್ನು ಮುಂದಿನ ಸುತ್ತಿನ ಕಂಬಗಳ ಒಳಗೇ ಸೇರಿಸಿ ಹೆಣೆಯುತ್ತಾ ಹೋದೆ. ಆರರಲ್ಲಿ ನಾಲ್ಕು ಅಲ್ಲೇ ಮುಗಿಯುತ್ತವೆ. ಮೊದಲಿನ 29 ಮಾತ್ರ ಸೂಜಿಯಲ್ಲೇ. ಅತ್ತೆ ದಿನಾ ಸಂಜೆ ಪಕ್ಕ ಕೂತು ಸೂಜಿ ಪೋಣಿಸಿ ಕೊಟ್ಟರು. ಕನ್ನಡಕ ಇಲ್ಲದೆ ಪೋಣಿಸುತ್ತಾರೆ, ನನಗಿಂತ ಬೇಗ.

ಏಪ್ರಿಲ್ 19

ಈ ಬಿಸಿಲಿನಲ್ಲಿ ತೊಡೆಯ ಮೇಲೆ ಉಲ್ಲನ್ ಇಟ್ಟುಕೊಳ್ಳೋದು ಅಸಾಧ್ಯ. ಅಂಗೈ ಬೆವೆತು ಅಕ್ರಿಲಿಕ್ ಕಡ್ಡಿಯ ಮೇಲೆ ಕಿರ್ ಕಿರ್ ಅನ್ನುತ್ತದೆ. ಸ್ವೆಟರನ್ನು ಮಳೆಗಾಲಕ್ಕೆ ತಳ್ಳಿದೆ. ತಿಂಗಳ ಪಟ್ಟಿ ಬರೆಯುವಾಗ ಇದನ್ನೂ ಯೋಚಿಸಿರಲಿಲ್ಲ ನೋಡಿ. ದಾವಣಗೆರೆಯಲ್ಲಿ ಏಪ್ರಿಲ್ ಮೇ ಅಂದರೆ ಹತ್ತಿ ಮಾತ್ರ.

ಆದರೂ ಅರ್ಧಕ್ಕೆ ನಿಂತದ್ದರಲ್ಲಿ ಮಫ್ಲರ್ ಒಂದನ್ನು ಬೆಳಗಿನ ಜಾವ ಕೂತು ಮುಗಿಸಿದೆ, ಆರು ಗಂಟೆ ಹಿಡಿಯಿತು. ಒಂದು ತೋಳು ಇಲ್ಲದ ಮಗುವಿನ ಸ್ವೆಟರನ್ನು ಬಿಚ್ಚಿ ಉಂಡೆ ಮಾಡಿದೆ. ಯಾವ ಮಗುವಿಗೆ ಅಂತ ಶುರು ಮಾಡಿದ್ದೆನೋ ಆ ಮಗು ಈಗ ಮೂರನೇ ಕ್ಲಾಸು.

ಮೇ 24

ಹೆಣ್ಣು ಮಗು. ತೊಟ್ಟಿಲಿಗೆ ಹಾಕುವ ದಿನ ಹಾಸು ಹೋಯಿತು, ಅಂಚು ಸಮೇತ 740 ಗ್ರಾಂ. 40 ಗಂಟೆ ಅಂದಿದ್ದು 52. ಬಾಲಗಳ ಪುಣ್ಯ.

ವಾಪಸ್ ಬರುವಾಗ ಚಳ್ಳಕೆರೆ ಕಡೆಗೆ ಒಂದು ಸುತ್ತು ಹಾಕಿದೆವು. ಕಂಬಳಿಗೆ ಹೆಸರಾದ ಸೀಮೆ. ಒಂದು ಹಳ್ಳಿಯಲ್ಲಿ ಗುಂಡಿ ಮಗ್ಗದ ಮೇಲೆ ಕಂಬಳಿ ನೇಯುತ್ತಿದ್ದರು. ಹುಣಸೆ ಬೀಜದ ಗಂಜಿ ಹಚ್ಚಿದ ಹಾಸುನೂಲು, ಅಂದರೆ ಮಗ್ಗದ ಉದ್ದೆಳೆ, ಬಿಸಿಲಲ್ಲಿ ಒಣಗುತ್ತಿತ್ತು. ಕರಿ ಉಣ್ಣೆಗೆ ಬಣ್ಣ ಹಾಕಿಲ್ಲ, ಕುರಿಯೇ ಕರಿ. ನೂಲು 400 ಗ್ರಾಂ ಕೊಡಿ ಅಂದೆ. "ಇದರಾಗ ಸ್ವೆಟರ್ ಮಾಡ್ತೀರೇನಕ್ಕ? ಮೈ ತುರಿಸ್ತೈತಿ" ಅಂತ ನಕ್ಕರು. ಮುಟ್ಟಿದರೆ ಗೊತ್ತಾಗುತ್ತದೆ. ಒರಟು, ನಡುನಡುವೆ ಸೆಟೆದ ಕೂದಲು. ಮೈಗೆ ಹಾಕುವಂಥದ್ದಲ್ಲ, ಕೂರುವಂಥದ್ದು. ಅತ್ತೆ ಪೂಜೆಗೆ ಕೂರುವ ಮಣೆ ಮೇಲೆ ಹಾಸಲು ಒಂದು ಚೌಕದ ಆಸನ ಅಂತ ತೀರ್ಮಾನವಾಯಿತು. ಕಂಬಳಿ ಮಡಿಗೂ ಆಗುತ್ತದೆ. ದೇವರನ್ನೇ ಕಂಬಳಿ ಗದ್ದಿಗೆಯ ಮೇಲೆ ಕೂರಿಸುವ ಜನ ನಾವು.

ಜೂನ್ 8

ಮೊದಲ ಮಳೆ. ಆಸನದ ಕೆಲಸಕ್ಕೆ ಶುರು.

ಉಣ್ಣೆಯ ಕೂದಲಿಗೆ ಮೀನಿನ ಹಾಗೆ ಸಣ್ಣ ಹೊರಪೊರೆ ಇರುತ್ತದೆ. ಬಿಸಿ ನೀರು, ಸೋಪು, ತುಳಿತ ಸೇರಿದರೆ ಆ ಪೊರೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಉಣ್ಣೆ ಸ್ವೆಟರನ್ನು ಬಿಸಿ ನೀರಲ್ಲಿ ಒಗೆದು ಹಾಳು ಮಾಡಿಕೊಂಡವರಿಗೆಲ್ಲಾ ಇದು ಗೊತ್ತು. ಇಲ್ಲಿ ಬೇಕಂತಲೇ ಹಾಳು ಮಾಡೋದು. ಅಕ್ರಿಲಿಕ್ ಎಷ್ಟು ತುಳಿದರೂ ಹೀಗಾಗುವುದಿಲ್ಲ.

ಎಷ್ಟು ಕುಗ್ಗುತ್ತದೆ ಅಂತ ತಿಳಿಯದೆ ಆಸನ ಹೆಣೆಯೋದು ಹುಚ್ಚುತನ. 20ಕ್ಕೆ 20 ಸೆಂಟಿಮೀಟರಿನ ಸ್ಯಾಂಪಲ್ ತುಂಡು ದಪ್ಪ ಕೊಕ್ಕೆಯಲ್ಲಿ ಸಡಿಲವಾಗಿ ಹೆಣೆದು ಬಕೆಟ್ಟಿನಲ್ಲಿ ತುಳಿದೆ. ಅಗಲ 18, ಉದ್ದ 17 ಆಯಿತು. ಒಂದು ಕಡೆ ಹತ್ತಕ್ಕೆ ಒಂದು, ಇನ್ನೊಂದು ಕಡೆ ನೂರಕ್ಕೆ ಹದಿನೈದು. ನನಗೆ ಬೇಕಿರುವುದು 45ರ ಚೌಕ. ಹಾಗಾಗಿ 50 ಅಗಲ, 53 ಉದ್ದ ಹೆಣೆದೆ.

ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ, ಸೀರೆ ಎತ್ತಿಕಟ್ಟಿ, ನಲವತ್ತು ನಿಮಿಷ ತುಳಿದೆ. ಒದ್ದೆ ಉಣ್ಣೆಯ ವಾಸನೆ ಪಕ್ಕದ ಮನೆಗೂ ಹೋಗಿರಬೇಕು. "ಏನವ್ವಾ, ಬಚ್ಚಲನ್ನ ಕುರಿ ರೊಪ್ಪ ಮಾಡಿಬಿಟ್ಟೆಯಲ್ಲ" ಅಂದರು ಅತ್ತೆ. ನೀರು ನಾಲ್ಕು ಸಲ ಕಂದಾಯಿತು. ಕೊನೆಗೆ ಹಳೇ ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಹಲಗೆಯ ಮೇಲೆ ಎಳೆದು, ನಾಲ್ಕೂ ಅಂಚಿಗೆ ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಒಣಗೋದಕ್ಕೆ ಮೂರು ದಿನ, ಮಳೆ ಮೋಡ. ಬಂದದ್ದು 45ಕ್ಕೆ 46. ಒಂದು ಸೆಂಟಿಮೀಟರಿಗೆ ಜಗಳ ಬೇಡ ಅಂತ ಬಿಟ್ಟೆ. 360 ಗ್ರಾಂ, 11 ಗಂಟೆ. ಅಂದುಕೊಂಡದ್ದಕ್ಕಿಂತ ಕಮ್ಮಿ ಹೊತ್ತಿನಲ್ಲಿ ಮುಗಿದ ಒಂದೇ ಒಂದು ಕೆಲಸ.

ಅತ್ತೆ ವಾಸನೆ ನೋಡಿದರು, ಎರಡು ದಿನ ಬಿಸಿಲಿಗೆ ಹಾಕಿದರು, ಈಗ ಅದರ ಮೇಲೇ ಕೂರುತ್ತಾರೆ.

ಜೂನ್ 29

ಕಾಲುಚೀಲ. ಅಮ್ಮನ ಪಾದದ ಸುತ್ತಳತೆ 22 ಸೆಂ.ಮೀ. ಕಾಲುಚೀಲ ಪಾದಕ್ಕಿಂತ ಹತ್ತರಲ್ಲಿ ಒಂದು ಪಾಲು ಚಿಕ್ಕದಿರಬೇಕು, ಇಲ್ಲದಿದ್ದರೆ ಶೂ ಇಲ್ಲದ ಕಾಲಲ್ಲಿ ಜೋಲುತ್ತದೆ. 20 ಸೆಂ.ಮೀ., ಸೆಂಟಿಮೀಟರಿಗೆ 3.2 ಕುಣಿಕೆ, 64. ಎರಡೂ ತುದಿ ಚೂಪಿರುವ 2.5 ಮಿ.ಮೀ. ಕಡ್ಡಿ ಐದು. ನಾಲ್ಕರಲ್ಲಿ 16-16 ಕುಣಿಕೆ, ಐದನೆಯದು ಕೆಲಸಕ್ಕೆ. ಕೈಯಲ್ಲಿ ಮುಳ್ಳುಹಂದಿ ಹಿಡಿದ ಹಾಗೆ.

ಹಿಮ್ಮಡಿಯ ಗುಟ್ಟು ಇಷ್ಟೇ. 64ರಲ್ಲಿ ಅರ್ಧ, 32 ಕುಣಿಕೆಯ ಮೇಲೆ ಮಾತ್ರ ಹಿಂದೆ ಮುಂದೆ 32 ಸಾಲು ಹೆಣೆದರೆ ಒಂದು ನಾಲಿಗೆ ಬರುತ್ತದೆ. ಆಮೇಲೆ ತಿರುವು. 18 ಸೀದಾ, ಎರಡು ಸೇರಿಸಿ ಒಂದು, ಇನ್ನೊಂದು ಸೀದಾ, ಅಲ್ಲಿಗೇ ನಿಲ್ಲಿಸಿ ತಿರುಗು. ಸಾಲು ಮುಗಿಸಬಾರದು. ಈ ಕಡೆಯಿಂದ ಒಂದನ್ನು ಹೆಣೆಯದೆ ಜಾರಿಸಿ, ಐದು ಉಲ್ಟಾ, ಎರಡು ಸೇರಿಸಿ ಒಂದು, ಇನ್ನೊಂದು ಉಲ್ಟಾ, ತಿರುಗು. ಪ್ರತಿ ಸಲ ನಡುವಿನ ಕುಣಿಕೆ ಒಂದೊಂದು ಜಾಸ್ತಿ. ಹಿಂದಿನ ಸಲ ತಿರುಗಿದ ಕಡೆ ಒಂದು ಸಣ್ಣ ಸಂದು ಕಾಣುತ್ತದೆ, ಅದರ ಎರಡೂ ಬದಿಯ ಕುಣಿಕೆಯನ್ನೇ ಸೇರಿಸಬೇಕು. ಕೊನೆಗೆ 18 ಉಳಿಯುತ್ತವೆ.

ಸಾಲಿನ ನಡುವೆ ತಿರುಗೋದು ನನ್ನ ಕೈಗೆ ಪಾಪ ಮಾಡಿದ ಹಾಗೆ ಅನ್ನಿಸಿತು. ಎರಡು ಸಲ ತಪ್ಪು ಅಂದುಕೊಂಡು ಸರಿಯಿದ್ದದ್ದನ್ನೇ ಬಿಚ್ಚಿದೆ. ಮೂರನೇ ಸಲ ಕಣ್ಣು ಮುಚ್ಚಿ ಹೇಳಿದ್ದನ್ನು ಹೇಳಿದಂತೆ ಮಾಡಿದೆ. ಆರನೇ ತಿರುವಿನ ಹೊತ್ತಿಗೆ ಚಪ್ಪಟೆ ನಾಲಿಗೆ ತಾನಾಗೇ ಬಟ್ಟಲಾಗಿ ಬಾಗಿತು. ರಾತ್ರಿ ಹನ್ನೊಂದಕ್ಕೆ ಅಡುಗೆ ಮನೆಗೆ ಹೋಗಿ ನೀರು ಕುಡಿಯುತ್ತಿದ್ದ ಮನೆಯವರಿಗೆ ತೋರಿಸಿದೆ. "ಹಿಮ್ಮಡಿ ಅಲ್ವಾ?" ಅಂದರು. ಗುರುತು ಸಿಕ್ಕಿತಲ್ಲ, ಸಾಕು.

ಜುಲೈ 13

ಜೋಡಿ ಮುಗಿಯಿತು, 23 ಗಂಟೆ. 18 ಅಂದಿದ್ದೆ. ಎರಡನೇ ಕಾಲುಚೀಲ ಮೊದಲನೆಯದಕ್ಕಿಂತ ನಾಲ್ಕು ಸಾಲು ಉದ್ದ. ಅಮ್ಮ ಉದ್ದದ್ದನ್ನು ಎಡಗಾಲಿಗೆ ಹಾಕಿಕೊಂಡು "ಈ ಕಾಲು ಸ್ವಲ್ಪ ದೊಡ್ಡದೇ ಕಣೇ ನಂಗೆ" ಅಂದಳು.

ಇವತ್ತು ಸ್ವೆಟರಿಗೆ ಕೈ ಹಾಕಿದೆ. ನೇವಿ ಬ್ಲೂ 420 ಗ್ರಾಂ ಇತ್ತು, ಇನ್ನೂ 100 ಬೇಕಿತ್ತು. ಅಂಗಡಿಯವರು "ಎಲ್ಲಾ ಒಂದೇ ಕಲರ್ ಅಕ್ಕಾ" ಅಂದರು. ಅಂಗಡಿಯ ದೀಪದಲ್ಲಿ ಒಂದೇ. ಮನೆಯ ಮಹಡಿ ಮೇಲೆ ಹಿಡಿದರೆ ಹೊಸದು ಒಂದು ಕೂದಲೆಳೆ ನೇರಳೆ. ಲೇಬಲ್ಲಿನಲ್ಲಿ ಶೇಡ್ ನಂಬರ್ ಒಂದೇ, ಲಾಟ್ ನಂಬರ್ ಬೇರೆ. ಒಂದೊಂದು ಲಾಟು ಒಂದೊಂದು ಸಲದ ಬಣ್ಣದ ಹಂಡೆ, ವ್ಯತ್ಯಾಸ ಬಂದೇ ಬರುತ್ತದೆ. ಅಪ್ಪನ ಸ್ವೆಟರಿನ ಉಪಾಯವೇ ಇಲ್ಲೂ: ಹೊಸ ಲಾಟು ಕೆಳಗಿನ ಪಟ್ಟಿ, ಮುಂಗೈ ಪಟ್ಟಿ, ಕತ್ತಿಗೆ. ಹಳೇ ಲಾಟು ಮೈಗೆ.

ಸ್ಯಾಂಪಲ್ ತುಂಡು ಒಗೆಯುವ ಮೊದಲು ಲೇಬಲ್ಲಿನಲ್ಲಿ ಹೇಳಿದಂತೆ ಸರಿಯಾಗಿ 22 ಕುಣಿಕೆ. ಒಗೆದು ಒಣಗಿಸಿದ ಮೇಲೆ ಇಪ್ಪತ್ತೂವರೆ. ಜನವರಿಯ ಲೆಕ್ಕದ 235 ಕುಣಿಕೆ ಹಾಕಿದ್ದರೆ ಸ್ವೆಟರು ಒಗೆದ ಮೇಲೆ ಮೂರು ಇಂಚು ದೊಡ್ಡದಾಗುತ್ತಿತ್ತು. ಹೊಸ ಲೆಕ್ಕಕ್ಕೆ 219 ಬರುತ್ತದೆ, ನಾಲ್ಕರಿಂದ ಭಾಗವಾಗಲಿ ಅಂತ 220 ಹಾಕಿದೆ.

ಟ್ರಂಕಿನದು, ಕಡ್ಡಿ ಮೇಲಿನದು ಎಲ್ಲಾ ಸೇರಿಸಿ ಮತ್ತೆ ತೂಗಿದೆ. ಆಚೆ ಹೋದದ್ದು 1,390 ಗ್ರಾಂ, ಒಳಗೆ ಬಂದದ್ದು 650. ಈಗ 2,210 ಗ್ರಾಂ. ಗಂಟೆ 106 ಆಗಿದೆ. ಹೆಸರಿಲ್ಲದೆ ಬಿಟ್ಟಿದ್ದ 69ರಲ್ಲಿ 23 ಕರಗಿ 46 ಉಳಿದಿದೆ. ಹೊರಗೆ ಜಿಟಿಜಿಟಿ ಮಳೆ, ಬಸ್ಸು ಲೇಟು. ಸ್ವೆಟರಿನ ಕೆಳಗಿನ ಪಟ್ಟಿ ಒಂಬತ್ತನೇ ಸುತ್ತಿನಲ್ಲಿದೆ, ಇನ್ನು ಹದಿಮೂರು.